ಪ್ಲೂಟೊ ಮತ್ತು ನಿನ್ನೆಯ ಹಾಳೆ

ಆ ಬೆಳಿಗ್ಗೆಯೂ ಕೈಪಂಪಿನಲ್ಲಿ ನಾಲ್ಕು ಕೊಡ ನೀರು ಹಿಡಿದೆ, ಡಿಕಾಕ್ಷನ್ ಇಳಿಯಲು ಬಿಟ್ಟೆ, ಸ್ನಾನ ಮುಗಿಸಿ ದಿನದ ಕ್ಯಾಲೆಂಡರಿನಿಂದ ನಿನ್ನೆಯ ಹಾಳೆ ಹರಿದೆ. ಅಂಚು ಕೆಡದ ಹಾಗೆ ಹರಿಯುವುದು, ಹರಿದ ಕಾಗದವನ್ನು ಎಸೆಯದಿರುವುದು, ಎರಡೂ ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ್ದು. ಹಾಳೆಯ ಮೂಲೆಯಲ್ಲಿ ಪೆನ್ಸಿಲಿನ ಅಂಕಿಗಳಿದ್ದವು. ಕಂಡಿತ್ತು. ಕಂಡೂ ಅದರಲ್ಲಿ ಕರಿಬೇವು ಸುತ್ತಿ ಎದುರುಮನೆಗೆ ಕೊಟ್ಟು ಬಂದೆ.

ನಮ್ಮ ಯಜಮಾನರು ನಾವಿದ್ದ ತಮಿಳು ಊರಿನ ಕಾಲೇಜೊಂದರ ಭೌತಶಾಸ್ತ್ರ ವಿಭಾಗದಲ್ಲಿ ಉಪಕರಣಗಳನ್ನು ನೋಡಿಕೊಳ್ಳುತ್ತಿದ್ದರು. ಹಿಂದಿನ ದಿನವಷ್ಟೇ ಬೆಟ್ಟದ ದೂರದರ್ಶಕದಿಂದ ವಾಪಸಾಗಿದ್ದರು. ಪ್ಲೂಟೊ ಒಂದು ನಕ್ಷತ್ರವನ್ನು ಮರೆಮಾಡುತ್ತಾ ಹಾದುಹೋಗುವುದನ್ನು ಹಿಡಿಯಲು ಹೋಗಿದ್ದು. ಆಗಿನ್ನೂ ಅದನ್ನು ಗ್ರಹವೆಂದೇ ಕರೆಯುತ್ತಿದ್ದರು. ಬಂದವರೇ ಬೆಟ್ಟಕ್ಕೆ ಒಯ್ದಿದ್ದ ಕಂಪ್ಯೂಟರಿನಲ್ಲಿ ಆ ನಕ್ಷತ್ರದ ಬೆಳಕಿನ ಗೆರೆ ತೋರಿಸಿದರು.

"ನೋಡು, ಸ್ವಿಚ್ ಆರಿಸಿದ ಹಾಗೆ ಬೆಳಕು ಹೋಗ್ಲಿಲ್ಲ, ಮೆತ್ತಗೆ ಇಳೀತು. ಅಲ್ಲಿ ಗಾಳಿ ಇದೆ ಕಣೆ."

ಕಂಪ್ಯೂಟರಿನ ಗಡಿಯಾರ ಎಷ್ಟು ತಪ್ಪಿದೆ ಎಂದು ರೇಡಿಯೊದ ಸಮಯದ ಪೀಪ್ ಸದ್ದಿನೊಡನೆ ಹೋಲಿಸಿ, ಕೈಗೆ ಸಿಕ್ಕ ಕ್ಯಾಲೆಂಡರಿನ ಮೇಲೆ ಗೀಚಿ, ಆಮೇಲೆ ಆ ಗಡಿಯಾರವನ್ನು ಸರಿಮಾಡಿಬಿಟ್ಟಿದ್ದರಂತೆ. ಬೇರೆ ಊರುಗಳಲ್ಲಿ ಅದೇ ನಕ್ಷತ್ರ ನೋಡಿದವರ ಗೆರೆಗಳ ಜೊತೆ ಇವರದ್ದನ್ನು ಸೇರಿಸಲು ಆ ಅಂಕಿ ಬೇಕು. ಅದಿಲ್ಲದಿದ್ದರೆ ಬೆಳಕು ಇಳಿದದ್ದು ಯಾವ ಕ್ಷಣದಲ್ಲಿ ಎಂದು ಹೇಳಲು ಬರುವುದಿಲ್ಲ. ಇಷ್ಟೂ ನನಗೆ ತಿಳಿದದ್ದು ಅವರು ಗೋಡೆಯ ಮುಂದೆ ನಿಂತು, "ನಿನ್ನೇದೆಲ್ಲಿ?" ಎಂದ ಮೇಲೆ.

ಹೇಳಿದೆ. ಎದುರುಮನೆಗೆ ಬೀಗ. ಆ ಮನೆಯಾಕೆ ಮಗಳನ್ನು ರೈಲು ಹತ್ತಿಸಲು ಎಗ್ಮೋರ್ ಸ್ಟೇಷನ್ನಿಗೆ ಹೋಗಿದ್ದರು. ಇವರು ಬೈಯಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳದಿದ್ದದ್ದು ತಮ್ಮದೇ ತಪ್ಪು ಎಂದರು. ಇಂಥ ನಕ್ಷತ್ರ ಮತ್ತೆ ಯಾವಾಗ ಸಿಗುತ್ತದೆಂದು ನಾನು ಕೇಳಲಿಲ್ಲ. ಅಳುವೂ ಬರಲಿಲ್ಲ. ಬೀನ್ಸ್ ಹೆಚ್ಚಿದೆ. ತುಂಡುಗಳೆಲ್ಲ ಒಂದೇ ಅಳತೆಗೆ ಬಂದಿದ್ದವು. ಊಟಕ್ಕೆ ಕೂತವರು ಮಜ್ಜಿಗೆ ಅನ್ನವನ್ನು ಕಲಸುತ್ತಲೇ ಇದ್ದರು.

ಸಂಜೆ ಎದುರುಮನೆಯಾಕೆ ಬೀಗ ತೆಗೆಯುವಾಗಲೇ ಹೋಗಿ ಹಾಳೆ ಕೇಳಿದೆ. ಅವರದು ರೈಲ್ವೆ ನೌಕರರ ಮನೆತನ, ಎರಡು ತಲೆಮಾರಿನಿಂದ ಇದೇ ಪುರಸೈವಾಕ್ಕಂ ಬಡಾವಣೆಯಲ್ಲಿ ವಾಸ, ಕನ್ನಡದಲ್ಲಿ ಅರ್ಧ ತಮಿಳು. ಎಲೆ ತೆಗೆದು ಕಾಗದವನ್ನು ಬೆಳಿಗ್ಗೆಯೇ ಕಸಕ್ಕೆ ಹಾಕಿದ್ದರು, ಕಸದ ಲಾರಿಯೂ ಬಂದು ಹೋಗಿತ್ತು. ನನ್ನ ಹಿಂದೆ ನಮ್ಮ ಬಾಗಿಲಲ್ಲಿ ಇವರು ನಿಂತಿದ್ದರು.

"ನಿನ್ನೆ ತೇದಿ ಪೇಪರ್ ತಾನೇ, ಯಾರ್ಗೆ ಬೇಕು?" ಎಂದು ಆಕೆ ಚಪ್ಪಲಿ ಬಿಟ್ಟರು. "ಕರಿಬೇವು ಮಾತ್ರ ವಾಡಿರ್ಲೇ ಇಲ್ಲಮ್ಮಾ. ನಾಳೇನೂ ಹಾಗೇ ಸುತ್ತಿ ಕೊಡು."