ಹೆಬ್ಬಾವಿಗೆ ಶ್ರಾವಣ

ಸುಬ್ರಹ್ಮಣ್ಯಪುರದ ನಮ್ಮ ಮನೆ ಓನರ್ ಚಿಕ್ಕಬೈರಪ್ಪನವರಿಗೆ ಸುಮ್ಮನೆ ಕೂರುವ ವಿದ್ಯೆ ಬರುತ್ತಿರಲಿಲ್ಲ. ಹಿಂದೆ ಹಸು ಕಟ್ಟುತ್ತಿದ್ದ ಕೊಟ್ಟಿಗೆಯ ಜಾಗದಲ್ಲೀಗ ಬಾಡಿಗೆ ಮನೆಗಳು. ಅಭ್ಯಾಸಬಲದಿಂದ ನಸುಕಿನಲ್ಲೇ ಎದ್ದು, ಯಾರ ಮನೆಯ ನಲ್ಲಿ ಸೋರುತ್ತಿದೆ ಎಂದು ಕಿವಿಗೊಟ್ಟು ನಿಲ್ಲುತ್ತಿದ್ದರು. ಬಾಡಿಗೆದಾರರಾದ ನಮಗೆ ಅದೊಂದು ದೊಡ್ಡ ಕಿರಿಕಿರಿ. ಹೆಬ್ಬಾವು ಅವರ ಪಾಲಿಗೆ ಬಂದ ಮೇಲೆ ನಾವು ಬಚಾವಾದೆವು.

ಅದನ್ನು ತಂದವನು ಮಗ ದೀಪಕ್. ಹೊರದೇಶದ ತಳಿ. ಮರಿಯಾಗಿದ್ದಾಗ ಕೈಗೆ ಬಳೆಯಂತೆ ಸುತ್ತಿಕೊಳ್ಳುತ್ತಿತ್ತು, ಫೋಟೋಗೆ ಚೆನ್ನಾಗಿತ್ತು. ತೊಡೆಯಷ್ಟು ದಪ್ಪವಾಗಿ, ಎತ್ತಲು ಇಬ್ಬರು ಬೇಕಾದಾಗ ಅವನ ಶೋಕಿ ಇಳಿಯಿತು. ಯಾರಿಗಾದರೂ ಕೊಟ್ಟುಬಿಡೋಣ ಎಂದ.

"ತಂದು ಸಾಕಿದ್ಮೇಲೆ ಮುಗೀತು ಕಣಪ್ಪ. ನಾನ್ ನೋಡ್ಕೊಳ್ತೀನಿ," ಎಂದರು ಚಿಕ್ಕಬೈರಪ್ಪ.

ಟೆರೇಸಿನ ಕೋಣೆಯಲ್ಲಿ ಗಾಜಿನ ದೊಡ್ಡ ಗೂಡು, ಬಿಸಿಗೆ ದೀಪ, ಮೈ ನೆನೆಸಲು ತೊಟ್ಟಿ, ಬಾಗಿಲಿಗೆ ಬೀಗ. ಕೊಂದು ತಂದ ಮೊಲವನ್ನು ಉದ್ದನೆಯ ಇಕ್ಕಳದಲ್ಲಿ ಹಿಡಿದು ಒಡ್ಡುತ್ತಿದ್ದರು. ಒಬ್ಬರೇ ಒಳಗೆ ಹೋಗಬಾರದೆಂಬ ನಿಯಮವಿದ್ದುದರಿಂದ ನನ್ನನ್ನು ಬಾಗಿಲಲ್ಲಿ ನಿಲ್ಲಿಸುತ್ತಿದ್ದರು. ನಾನು ಹೊಸ್ತಿಲು ದಾಟುತ್ತಿರಲಿಲ್ಲ. ಅವರು ಮಾತ್ರ ಹಸುವಿನ ಕತ್ತಿನಡಿಯ ಗಂಗೆದೊಗಲು ಸವರಿದಂತೆ ಅದರ ಮೈ ಸವರಿ, ಎಲ್ಲಾದರೂ ಹುಣ್ಣಾಗಿದೆಯೇ ಎಂದು ನೋಡುತ್ತಿದ್ದರು. ಮುದುಕರ ಮುಖಕ್ಕೆ ಕಳೆ ಬಂದಿತ್ತು. ಅದಿಲ್ಲದೆ ಅವರಿಗೆ ದಿನವೇ ಸಾಗದಂತಾಯಿತು.

ಶ್ರಾವಣ ಬಂತು. ಆ ತಿಂಗಳು ಅವರ ಮನೆಗೆ ಮಾಂಸ ಬರುವಂತಿಲ್ಲ, ಏನನ್ನೂ ಕೊಯ್ಯುವಂತಿಲ್ಲ. ಹೆಂಡತಿ ಮಂಗಮ್ಮ ಈ ವಿಷಯದಲ್ಲಿ ಮಹಾ ಕಟ್ಟುನಿಟ್ಟು.

"ಹಾವು ಒಂದು ತಿಂಗ್ಳು ಉಪವಾಸ ಇದ್ರೂ ಏನಾಗಲ್ಲಪ್ಪ," ಎಂದ ದೀಪಕ್. ಅದು ನಿಜ. ಆದರೆ ದನ ಸಾಕಿದ ಮನುಷ್ಯನ ತಲೆಗೆ ಹೋಗಲಿಲ್ಲ.

"ಮನೇಲಿ ಒಂದು ಪ್ರಾಣಿ ಹಸ್ಕೊಂಡು ಬಿದ್ದಿರ್ವಾಗ ನಾನ್ ಹೆಂಗೆ ಉಣ್ಲಿ?" ಎಂದು ತಟ್ಟೆ ಸರಿಸಿ ಎದ್ದರಂತೆ.

ಮಂಗಮ್ಮನೇ ದಾರಿ ಹುಡುಕಿದರು. "ಸತ್ತಿದ್ದನ್ನ ತರ್ಬೇಡಿ. ಜೀವ ಇರೋದನ್ನ ಬಿಡಿ. ಹಾವೇ ಕೊಂದ್ಕೊಂಡ್ರೆ ಆ ಪಾಪ ನಮ್ಗೆ ಅಂಟಲ್ಲ." ಮೊಲ ನೋಡಿದರೆ ಆಕೆಗೆ ಕರುಳು ಚುರ್ ಎನ್ನುತ್ತಿತ್ತು. ಇಲಿಯಾದರೆ ಆಗಬಹುದೆಂದರು.

ಜೀವವಿರುವುದನ್ನು ಒಳಗೆ ಬಿಟ್ಟು ಬರಬಾರದೆಂದು ದೀಪಕ್ ಮೊದಲೇ ಎಚ್ಚರಿಸಿದ್ದ. ಅಷ್ಟು ದೊಡ್ಡ ಹಾವಿಗೆ ಇಲಿ ಏನು ಮಾಡೀತು ಎಂಬುದು ಇವರ ಲೆಕ್ಕ. ದಪ್ಪ ಬಿಳಿ ಇಲಿಗಳನ್ನು ತಂದು ಗೂಡಿಗೆ ಬಿಟ್ಟರು. ಬೀಗದ ಕೈ ಜೇಬಿಗಿಳಿಸಿ, ಮಂಗಮ್ಮನ ತವರಿಗೆ ಶನಿವಾರದ ಪೂಜೆಗೆಂದು ಹೊರಟರು.

ಹಾವು ಪೊರೆ ಬಿಡುವುದರಲ್ಲಿತ್ತು. ಆಗ ಅದರ ಕಣ್ಣು ಮಂಜಾಗುತ್ತದೆ, ಏನೂ ತಿನ್ನದೆ ಬಿದ್ದಿರುತ್ತದೆ. ಹಸಿವಾದದ್ದು ಇಲಿಗಳಿಗೆ.

ಮರುದಿನ ಸಂಜೆ ಬೀಗ ತೆಗೆದಾಗ ನಾನು ಎಂದಿನಂತೆ ಬಾಗಿಲಲ್ಲಿದ್ದೆ. ಹಾವಿನ ಬೆನ್ನಿನುದ್ದಕ್ಕೂ ಇಲಿಗಳು ಕಡಿದು ತಿಂದಿದ್ದವು. ಒಂದು ಕಡೆ ಮೂಳೆ ಕಾಣುತ್ತಿತ್ತು. ಹಾವು ಇನ್ನೂ ಬದುಕಿತ್ತು. ಅದನ್ನು ನೋಡಲಾಗಲಿಲ್ಲ ನನಗೆ.

ಜಯನಗರದಿಂದ ಬಂದ ಪಶುವೈದ್ಯರು, "ಉಳಿಯಲ್ಲ ಸಾರ್. ನೋವಿಲ್ದಂಗೆ ಕಳಿಸಿಬಿಡೋಣ," ಎಂದರು. ಚಿಕ್ಕಬೈರಪ್ಪ ಅದರ ತಲೆಯ ಮೇಲೆ ಕೈಯಿಟ್ಟು "ಆಯ್ತು" ಎಂದರು. ಸೂಜಿ ಚುಚ್ಚಿದ ಮೇಲೂ ಬಹಳ ಹೊತ್ತು ಕೈ ತೆಗೆಯಲಿಲ್ಲ. ನನಗೆ ಮಂಗಮ್ಮನ ಮೇಲೆ ಕೆಟ್ಟ ಸಿಟ್ಟು ಬಂತು. ಆಕೆ ಮೆಟ್ಟಿಲಲ್ಲೇ ನಿಂತಿದ್ದರು, ಮೇಲೆ ಬರಲಿಲ್ಲ.

ದೀಪಕ್ ಕೋಲು ತಂದ. ಇಲಿಗಳು ಮೂಲೆಯಲ್ಲಿ ಒಂದರ ಮೇಲೊಂದು ಮುದುರಿ ಕೂತಿದ್ದವು, ಮೂತಿಯೆಲ್ಲ ಕೆಂಪು.

"ಆ ಕಡೆ ಸರೀರಪ್ಪ."

"ಕೋಲು ಇಡೋ," ಎಂದರು ಚಿಕ್ಕಬೈರಪ್ಪ. "ಇವನ್ನ ಕೂಡಿಹಾಕಿ, ಒಂದು ಹಿಡಿ ಕಾಳೂ ಹಾಕ್ದೆ ಹೋದೋನು ನಾನು. ಹಾವಿನ ಹೊಟ್ಟೆ ಒಂದೇ ಕಾಣಿಸ್ತು ನಂಗೆ."

ಕೆಳಗಿಳಿದು ಬೊಗಸೆ ತುಂಬ ರಾಗಿ ತಂದು ಇಲಿಗಳ ಮುಂದೆ ಸುರಿದರು. ಅವು ಬಂದು ತಿನ್ನತೊಡಗಿದವು. ಮುದುಕರು ಸತ್ತ ಹಾವಿನ ಪಕ್ಕದಲ್ಲಿ ಕೂತು, ನಾವೆಲ್ಲ ನೋಡುತ್ತಿದ್ದಂತೆಯೇ, ಗಟ್ಟಿಯಾಗಿ ಅತ್ತರು.