ಜೇಬಿನಲ್ಲಿಟ್ಟ ಕೈ

ನೆಬ್ರಾಸ್ಕದ ಆ ಪುಟ್ಟ ಊರಿನಲ್ಲಿ ಮಾರ್ಲಿಸ್‌ಳಷ್ಟು ಹಟಮಾರಿ ಇನ್ನೊಬ್ಬಳಿರಲಿಲ್ಲ. ಕಾಲೇಜಿನ ಕೊನೆಯ ವರ್ಷ. ಆಕ್ಯುಪೇಷನಲ್ ಥೆರಪಿ ಓದಬೇಕು, ಲಕ್ವ ಹೊಡೆದವರಿಗೆ ಮತ್ತೆ ಉಣ್ಣುವುದು, ಉಡುವುದು ಕಲಿಸಬೇಕು ಎಂಬುದೊಂದೇ ಆಸೆ. ಅಂಗರಚನಾಶಾಸ್ತ್ರದಲ್ಲಿ ಒಳ್ಳೆಯ ಅಂಕ ಬಂದಿತ್ತು. ಅರ್ಜಿಗೆ ಇನ್ನು ಬೇಕಾದದ್ದು, ಊರಿನ ಆಸ್ಪತ್ರೆಯ ಥೆರಪಿ ಕೋಣೆಯಲ್ಲಿ ನಲವತ್ತು ಗಂಟೆ ನಿಂತು ನೋಡಿದ್ದಕ್ಕೆ ಅಲ್ಲಿನ ಥೆರಪಿಸ್ಟ್ ರೋಂಡಾ ವಾಸ್ ಮೇಡಂ ಹಾಕಬೇಕಾದ ಒಂದು ಸಹಿ.

ಮೂವತ್ತೆಂಟನೆಯ ಗಂಟೆಯಲ್ಲಿ ಕೆಟ್ಟಿತು. ಲಕ್ವ ಹೊಡೆದಿದ್ದ ಎಮಿಲ್ ಅಜ್ಜ ಎಡಗೈಯೊಂದರಲ್ಲೇ ಅಂಗಿಯ ಗುಂಡಿ ಹಾಕಲು ಹೆಣಗುತ್ತಿದ್ದರು. ನೋಡಲಾರದೆ ಇವಳು ಹೋಗಿ ಹಾಕಿಬಿಟ್ಟಳು.

“ಅವರ ಕೆಲಸ ನೀನು ಮಾಡೋಕೆ ಬಂದಿದ್ದೀಯಾ?” ಎಂದರು ವಾಸ್, ಎಲ್ಲರೆದುರು. “ನೋಡೋಕೆ ಬಂದೋಳು ಕೈ ಜೇಬಲ್ಲಿ ಇಟ್ಕೋಬೇಕು. ಒಂದರಿಂದ ಮತ್ತೆ ಶುರು ಮಾಡು.” ಗಂಟೆಗಳ ಪಟ್ಟಿಯನ್ನು ಹರಿದು ಬುಟ್ಟಿಗೆಸೆದರು.

ಏನು ಸೊಕ್ಕು ಆ ಹೆಂಗಸಿಗೆ. ತಪ್ಪು ತಪ್ಪೇ, ಒಪ್ಪೋಣ. ಅಷ್ಟಕ್ಕೇ ಮೂವತ್ತೆಂಟು ಗಂಟೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಬೇಕೆ? ಮಾರ್ಲಿಸ್ ಅಳಲಿಲ್ಲ, ಹಲ್ಲು ಕಚ್ಚಿದಳು. ಇವಳಿಗೂ ಒಂದು ದಿನ ಬರುತ್ತೆ, ಆಗ ತೋರಿಸ್ತೀನಿ ಎಂದುಕೊಂಡಳು.

ಪ್ರತಿ ಶುಕ್ರವಾರ ಬಂದು, ಕೈ ಜೇಬಿನಲ್ಲಿಟ್ಟು ನಿಂತಳು. ಮೂಗು ತುರಿಸಿದರೂ ತೆಗೆಯಲಿಲ್ಲ. “ನಿನಗೂ ಲಕ್ವ ಹೊಡೀತೇನೆ ಮಗಳೇ?” ಎಂದು ಅಜ್ಜ ಛೇಡಿಸುತ್ತಿದ್ದರು.

ಡಿಸೆಂಬರಿನಲ್ಲಿ ವಾಸ್ ಮಂಜುಗಡ್ಡೆಯ ಮೇಲೆ ಜಾರಿ ಬಲಗೈ ಮುರಿದುಕೊಂಡರು. ಮಾರ್ಲಿಸ್‌ಳ ನಲವತ್ತನೆಯ ಗಂಟೆ ಮುಗಿದ ದಿನವೂ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡೇ ಬಂದಿದ್ದರು. ಅರ್ಜಿ ಕಳಿಸಲು ಅಂದೇ ಕೊನೆಯ ದಿನ, ಸಹಿ ಇನ್ನೂ ಆಗಿರಲಿಲ್ಲ. ವಾಸ್ ಹೊರಡಲೆಂದು ಕೋಟು ಹೊದ್ದು, ಗುಂಡಿಗೆ ತಡಕಾಡಿ ಸೋತರು.

“ಮಾರ್ಲಿಸ್, ಇದೊಂದು ಹಾಕು ಬಾ.”

ಸಹಿ ಹೋದರೆ ವರ್ಷವೇ ಹೋಯಿತು. ಆದರೂ ಕೈ ಜೇಬಿನಿಂದ ಬರಲಿಲ್ಲ.

“ನಾನು ನೋಡೋಕೆ ಬಂದೋಳು, ಮೇಡಂ.”

ವಾಸ್ ಅವರ ಮುಖ ಕೆಂಪಾಯಿತು. ತುಟಿ ಬಿಗಿದು, ಎಡಗೈಯಲ್ಲೇ ಒಂದೊಂದು ಗುಂಡಿ ತೂರಿಸತೊಡಗಿದರು. ಆಹಾ, ಆ ಬೆವರು ನೋಡಿ ಮಾರ್ಲಿಸ್‌ಳ ಹೊಟ್ಟೆ ತಣ್ಣಗಾಯಿತು.

ಅಜ್ಜ ಗೋಡೆ ಗಡಿಯಾರ ನೋಡಿದರು. “ಒಂಬತ್ತು ನಿಮಿಷ, ತಾಯಿ. ನಾನು ಆರರಲ್ಲಿ ಮುಗಿಸ್ತೀನಿ.”

“ನಾನೇ ಕಲಿಸಿದ್ದು, ನಾನೇ ಅನುಭವಿಸ್ತೀನಿ,” ಎಂದರು ವಾಸ್. “ಕೊಡು ಆ ಪಟ್ಟಿ.”

ಮಾರ್ಲಿಸ್ ಪಟ್ಟಿಯನ್ನು ಮೇಜಿನ ಮೇಲಿಟ್ಟು ಕೈಗಳನ್ನು ಮತ್ತೆ ಜೇಬಿಗೆ ಸೇರಿಸಿದಳು. ವಾಸ್ ಎಡಗೈಯಲ್ಲಿ ಪೆನ್ನು ಊರಿದರು. ಕಾಗದ ಜಾರಿತು, ಮತ್ತೆ ಊರಿದರು, ಮತ್ತೆ ಜಾರಿತು. ಮಾರ್ಲಿಸ್ ಅದನ್ನೂ ಹಿಡಿದುಕೊಡಲಿಲ್ಲ.