ಮುಟ್ಟುಗೋಲು ಬೇರೆ, ಜಪ್ತಿ ಬೇರೆ

ಬೆಳಗಾವಿಯ ಕಾನೂನು ಕಾಲೇಜಿನಲ್ಲಿ ನಮಗೆ ಅಕ್ರಮ ಹಣದ ಕಾಯ್ದೆ ಕಲಿಸುತ್ತಿದ್ದ ಸರ್, ಬೆರಳ ತುದಿಯಿಂದ ಮೇಜನ್ನು ಮುಟ್ಟಿ ಹೇಳುತ್ತಿದ್ದರು: “ಮುಟ್ಟುಗೋಲು ಅಂದ್ರ ಇಷ್ಟ. ಮನಿ ಮಾರಾಕ ಬರಂಗಿಲ್ಲ, ಒಳಗ ಇರಬಹುದು.” ಆಮೇಲೆ ಮುಷ್ಟಿ ಬಿಗಿದು, “ಜಪ್ತಿ ಅಂದ್ರ ಇದು. ಮನಿ ಹೋತು. ಎರಡೂ ಕೂಡಿಸಬ್ಯಾಡ್ರಿ.”

ಅವರ ಅಳಿಯ ಜನರ ಠೇವಣಿ ನುಂಗಿ ಸಿಕ್ಕಿಬಿದ್ದಾಗ ಅಧಿಕಾರಿಗಳು ಖಾನಾಪುರದ ಮಗಳ ಮನೆಬಾಗಿಲಿಗೆ ಮುಟ್ಟುಗೋಲು ನೋಟಿಸು ಅಂಟಿಸಿದರು. ಅವತ್ತು ಸರ್ ಜೊತೆ ನಾನೂ ಹೋಗಿದ್ದೆ.

“ಬರೇ ಮುಟ್ಟುಗೋಲು ಐತವ್ವಾ, ನೀ ಇಲ್ಲೇ ಇರಬಹುದು” ಎಂದರು ಸರ್.

“ಹೋಗೋರು ಬರೋರೆಲ್ಲಾ ನಿಂತು ಓದತಾರ ಅಪ್ಪಾ. ಒಳಗ ಹೆಂಗ ಇರ್ಲಿ?” ಎಂದಳು ಮಗಳು.

ಸರ್ ನೋಟಿಸನ್ನು ಬೆರಳ ತುದಿಯಿಂದ ಮುಟ್ಟಿದರು.

ಮುಂದಿನ ತರಗತಿಯಲ್ಲಿ ಹುಡುಗಿಯೊಬ್ಬಳು ಅದೇ ವ್ಯತ್ಯಾಸ ಕೇಳಿದಳು. ಸರ್ ಎಂದಿನಂತೆ ಮೇಜಿನ ಮೇಲೆ ಬೆರಳಿಟ್ಟರು. ಮಾತು ಹೊರಡುವ ಮೊದಲೇ ಆ ಕೈ ಮುಷ್ಟಿಯಾಗಿತ್ತು.